ಕೆಂಪು ಮಸಿಯ ಈಸ್

"ನನ್ನ ಮಗಳ ಪುಸ್ತಕ ತಿದ್ದಿದ್ದು ನೀವೇನಾ?"

ಎರಡನೇ ತರಗತಿಯ ಬಾಗಿಲಲ್ಲಿ ನಿಂತಿದ್ದವನ ತೋಳಿನ ತುಂಬ ಮರದ ಹೊಟ್ಟು. ಕಾಪಿ ಪುಸ್ತಕ ಮೇಜಿನ ಮೇಲೆ ಧೊಪ್ಪನೆ ಬಿತ್ತು. ಟೀಚರ್ ಬೆಚ್ಚಿಬಿದ್ದಳು.

ಅವಳು ಕೆಲಸಕ್ಕೆ ಸೇರಿ ನಾಲ್ಕೇ ದಿನವಾಗಿತ್ತು. ಹಿಂದಿನ ದಿನ ಇಂಗ್ಲಿಷಿನ ಆಮ್, ಈಸ್, ಆರ್ ಪಾಠ ಮಾಡಿ, ಮನೆಯವರ ಬಗ್ಗೆ ಒಂದೊಂದು ವಾಕ್ಯ ಬರೆಯಿರಿ ಎಂದಿದ್ದಳು. ಅವನ ಮಗಳು ಪುಟ್ಟಿ ಬರೆದದ್ದು, 'ಮೈ ಮದರ್ ವಾಸ್ ಎ ನರ್ಸ್'.

ಇನ್ನೂ ಕಲಿಸದೇ ಇದ್ದ ವಾಸ್! ಅದನ್ನು ಹೊಡೆದು ಕೆಂಪು ಮಸಿಯಲ್ಲಿ ಈಸ್ ಎಂದು ತಿದ್ದಿದ್ದಳು.

"ಅವಳಮ್ಮ ತೀರಿಕೊಂಡು ಎಂಟು ತಿಂಗಳಾಯ್ತು." ಬಡಗಿ ಆ ಕೆಂಪು ಮಸಿಯ ಮೇಲೆ ಬೆರಳಿಟ್ಟ. "ಆ ವಾಸ್ ನಾನೇ ಹೇಳ್ಕೊಟ್ಟಿದ್ದು. ಈಗ ಟೀಚರೇ ತಿದ್ದಿದಾರೆ, ಅಂದ್ರೆ ಅಮ್ಮ ಇದಾಳೆ ಅಂತ... ಬೆಳಿಗ್ಗೆಯಿಂದ ಹೊಸ್ತಿಲು ಬಿಟ್ಟು ಏಳ್ತಿಲ್ಲ!"

ಟೀಚರ್ ತಾನು ತಿದ್ದಿದ ಸಾಲನ್ನು ಮತ್ತೆ ಓದಿದಳು. ಅಯ್ಯೋ... ಏನು ಮಾಡಿಬಿಟ್ಟೆ!

ಬಾಯಿ ತೆರೆಯುವಷ್ಟರಲ್ಲಿ ಅವನು ಹೊರಟುಹೋಗಿದ್ದ.

ಶಾಲೆ ಬಿಟ್ಟ ಕೂಡಲೇ ಅವರ ಮನೆ ಹುಡುಕಿಕೊಂಡು ಹೋದಳು. ಪುಟ್ಟಿ ಹೊಸ್ತಿಲ ಮೇಲೇ ಇದ್ದಳು. ಟೀಚರ್ ಪಕ್ಕದಲ್ಲೇ ಕುಳಿತಳು.

"ನೀನು ಬರೆದಿದ್ದೇ ಸರಿ ಕಣೇ ಪುಟ್ಟಿ. ತಪ್ಪು ನಂದು."

"ಟೀಚರೂ ತಪ್ಪು ಮಾಡ್ತಾರಾ?"

"ಮಾಡ್ತಾರೆ."

"ಹಾಗಾದ್ರೆ... ಅಮ್ಮ ಬರಲ್ವಾ?"

ಇಲ್ಲವೆಂದು ತಲೆಯಾಡಿಸುವುದು ಇಷ್ಟು ಕಷ್ಟವೆಂದು ಅವಳಿಗೆ ಗೊತ್ತಿರಲಿಲ್ಲ. ಮಗು ಅವಳ ಮಡಿಲಲ್ಲಿ ಮುಖ ಹುದುಗಿಸಿ ಬಿಕ್ಕಿ ಬಿಕ್ಕಿ ಅತ್ತಿತು. ಒಳಗೆ ಉಳಿಪೆಟ್ಟಿನ ಸದ್ದು ನಿಂತುಹೋಯಿತು.

ಆಮೇಲೆ ಪ್ರತಿ ಶನಿವಾರ ಪುಟ್ಟಿಗೆ ಪಾಠ ಹೇಳಲು ಬರತೊಡಗಿದಳು. ಬಡಗಿ ಚಹಾ ಇಟ್ಟು ಕೆಲಸಕ್ಕೆ ಮರಳುತ್ತಿದ್ದ. ಅವಳು ಕೂರುವ ಕುರ್ಚಿಯ ಒಂದು ಕಾಲು ಅಲುಗಾಡುತ್ತಿತ್ತು. ಒಂದು ಶನಿವಾರ ಅದು ಅಲುಗಾಡಲಿಲ್ಲ...

ಅಷ್ಟಕ್ಕೇ ಅವಳ ಮನಸ್ಸು ಕೈತಪ್ಪಿ ಹೋಗಿತ್ತು!

ಮುಂದಿನ ವಾರವೇ ಅವನು ಅಂದ, "ಇನ್ಮೇಲೆ ಬರ್ಬೇಡಿ ಟೀಚರ್."

"ಯಾಕೆ?"

ಅವನು ಉಳಿ ಹಿಡಿದು ಕೆಲಸಕ್ಕೆ ಕೂತ. ನನ್ನನ್ನು ಇವರು ಇನ್ನೂ ಕ್ಷಮಿಸಿಲ್ಲ... ಮನೆಯಲ್ಲಿ ತನ್ನ ಅಕ್ಕನ ಹತ್ತಿರವೂ ಬಾಯಿಬಿಡದೆ ಅವಳು ದೂರದ ಶಾಲೆಯೊಂದಕ್ಕೆ ಅರ್ಜಿ ಹಾಕಿದಳು. ಕೆಲಸ ಸಿಕ್ಕಿತು.

ಕೊನೆಯ ದಿನ ಮೇಜು ಖಾಲಿ ಮಾಡುತ್ತಿದ್ದಾಗ ಅವನು ಏದುಸಿರು ಬಿಡುತ್ತಾ ಬಂದ.

"ಹೋಗ್ತಿದೀರಂತೆ. ಪುಟ್ಟಿ ಹೇಳಿದ್ಲು."

"ನನ್ನ ತಪ್ಪನ್ನ ನೀವು ಮರೆಯಲ್ಲ ಅಂದ್ಮೇಲೆ ಇದ್ದು ಏನು ಮಾಡ್ಲಿ?"

"ಅದನ್ನ ನೀವು ಪುಟ್ಟಿ ಪಕ್ಕ ಹೊಸ್ತಿಲಲ್ಲಿ ಕೂತ ದಿನವೇ ಮರೆತೆ." ಅವನು ನೆಲ ನೋಡಿದ. "ಶನಿವಾರ ಬಂದ್ರೆ ಕೆಲಸಕ್ಕೆ ಕೈ ಓಡ್ತಿರಲಿಲ್ಲ. ಗೇಟಿನ ಸದ್ದಿಗೆ ಕಿವಿಗೊಟ್ಟು ಕೂರ್ತಿದ್ದೆ. ಪುಟ್ಟಿ ಅಮ್ಮ ಹೋಗಿ ವರ್ಷಾನೂ ಆಗಿರ್ಲಿಲ್ಲ... ನನ್ನ ಮೇಲೆ ನಂಗೇ ಅಸಹ್ಯ ಆಯ್ತು. ಅದಕ್ಕೇ..."

ಅವಳ ಕಣ್ಣು ತುಂಬಿ ಬಂತು.

"ಅವರನ್ನ ಮರೀರಿ ಅಂತ ನಾನು ಕೇಳಲ್ಲ."

"ಮರೆಯೋಕಾಗಲ್ಲ. ಆದ್ರೆ ನೀವು ಹೋಗೋದನ್ನೂ ತಡ್ಕೊಳ್ಳೋಕಾಗಲ್ಲ... ಸ್ವಲ್ಪ ದಿನ ಕಾಯ್ತೀರಾ?"

"ಕಾಯೋದು ಕಷ್ಟ ಅಲ್ಲ ನಂಗೆ. ಬರ್ಬೇಡಿ ಅನ್ನಿಸ್ಕೊಳ್ಳೋದು ಕಷ್ಟ."

"ಇನ್ನು ಯಾವತ್ತೂ ಅನ್ನಲ್ಲ," ಎಂದ ಅವನು, ಅವಳ ಕೈಯಲ್ಲಿದ್ದ ಪುಸ್ತಕದ ಕಟ್ಟನ್ನು ಮೆಲ್ಲಗೆ ತೆಗೆದುಕೊಂಡು ಮತ್ತೆ ಮೇಜಿನ ಮೇಲಿಟ್ಟ.