ಎದ್ದ ಶಾಟು

"ನನ್ನ ತಲೆ ತೆಗೆದೋರು ಯಾರು?"

ಎಡಿಟಿಂಗ್ ಕೋಣೆಯ ಬಾಗಿಲಲ್ಲಿ ನಿಂತು ಅವರು ಆಡಿದ ಮೊದಲ ಮಾತು ಅದು. ಹೀಗೆ ಶುರುವಾದದ್ದು ಶುಭವಲ್ಲ ಎಂದು ನನ್ನ ಮನಸ್ಸು ಅಂದೇ ಹೇಳಿತ್ತು.

ಎಡಿಟರ್ ನನ್ನ ಸೋದರಮಾವ. ನಾನು ಅವರ ಕೈಕೆಳಗೆ ಫಿಲ್ಮ್ ತುಂಡುಗಳನ್ನು ಕತ್ತರಿಸಿ, ಬ್ಲೇಡಿನಿಂದ ಕೆರೆದು, ಅಂಟು ಹಚ್ಚಿ ಜೋಡಿಸುತ್ತಿದ್ದೆ. ಬಾಗಿಲಲ್ಲಿ ನಿಂತಿದ್ದವರು ಇಪ್ಪತ್ತು ವರ್ಷಗಳಿಂದ ಹೀರೋ. ಊರಿನ ಗೋಡೆಗಳ ಮೇಲೆಲ್ಲ ಅವರ ಮುಖವಿತ್ತು. ಹಾಡಿನಲ್ಲಿ ತಮ್ಮ ಕ್ಲೋಸಪ್ ಕಾಣಲಿಲ್ಲ ಎಂದು ಜಗಳಕ್ಕೆ ಬಂದಿದ್ದರು. ಮಾವ ಎದ್ದು ನಿಂತು ತಡವರಿಸಿದರು.

"ನಾನೇ ಸಾರ್ ತೆಗೆದಿದ್ದು," ಎಂದೆ. ಕೈಯ ಕೆಲಸ ನಿಲ್ಲಿಸಲಿಲ್ಲ.

"ನೀನಾ? ಯಾಕಮ್ಮಾ, ನನ್ನ ಮುಖ ಏನು ಮಾಡಿತ್ತು ನಿಂಗೆ?"

"ಆ ಶಾಟಲ್ಲಿ ನೀವು ಹುಡುಗೀನ ನೋಡ್ತಿರಲಿಲ್ಲ. ಕ್ಯಾಮರಾದ ಗಾಜಲ್ಲಿ ನಿಮ್ಮನ್ನೇ ನೋಡ್ಕೋತಿದ್ರಿ."

ಮಾವ ಕಣ್ಣು ಮುಚ್ಚಿಕೊಂಡರು. ಹೀರೋ ಮಾತ್ರ ಕುರ್ಚಿ ಎಳೆದುಕೊಂಡು ಕೂತರು. "ಹಾಕಿ ತೋರ್ಸು," ಎಂದರು. ತೋರಿಸಿದೆ. ಎರಡು ಸಲ ನೋಡಿದರು. ಆಮೇಲೆ ಕಿವಿಯವರೆಗೂ ಕೆಂಪಾಗಿ, "ಹೌದಲ್ಲೇ ಕತ್ತರಿ!" ಎಂದರು.

ಅಂದಿನಿಂದ ನನ್ನ ಹೆಸರು ಕತ್ತರಿಯಾಯಿತು.

ಆಮೇಲೆ ವಾರಕ್ಕೊಮ್ಮೆ ಏನಾದರೊಂದು ನೆಪ. ಕಾಫಿ ಕುಡಿಯಲು ಬಂದೆ ಎನ್ನುವರು. ನಮ್ಮ ಕೋಣೆಯ ಕಾಫಿ ಬಾಯಿಗಿಡುವ ಹಾಗಿರಲಿಲ್ಲ. ಆದರೂ ಬಟ್ಟಲು ಬರಿದಾಗುವ ತನಕ ಕೂತಿರುವರು. ನಾನು ಬೆಳಕಿಗೆ ಫಿಲ್ಮ್ ಹಿಡಿದಾಗ ಅದರ ಆಚೆಯಿಂದ ಎರಡು ಕಣ್ಣು ನನ್ನನ್ನು ನೋಡುತ್ತಿದ್ದವು. ತಲೆಯೆತ್ತಿದರೆ ಗೋಡೆಯ ಗಡಿಯಾರ ನೋಡುತ್ತಿದ್ದ ನಟನೆ.

"ಗಡಿಯಾರ ನಿಂತು ಮೂರು ತಿಂಗಳಾಯ್ತು ಸಾರ್," ಎಂದೆ ಒಂದು ದಿನ.

"ಅದಕ್ಕೇ ನಂಗೆ ಇಲ್ಲಿ ಹೊತ್ತು ಹೋಗೋದು ಗೊತ್ತಾಗಲ್ಲ," ಎಂದರು.

ನನಗಾಗ ಮೂವತ್ತು. ನನ್ನ ಮದುವೆಯ ಮಾತನ್ನು ಮನೆಯಲ್ಲಿ ಎಲ್ಲರೂ ಬಿಟ್ಟಿದ್ದರು. ಅವರಿಗೆ ನಲವತ್ತಮೂರು. ನಾಟಕದ ಕಂಪನಿಯಲ್ಲಿ ಪರದೆ ಎಳೆಯುವ ಕೆಲಸಕ್ಕೆ ಸೇರಿ, ಒಂದು ದಿನ ನಾಯಕನಿಗೆ ಜ್ವರ ಬಂದು ಬಣ್ಣ ಹಚ್ಚಿ, ಅಲ್ಲಿಂದ ಸಿನಿಮಾಕ್ಕೆ ಬಂದವರು. ಕತ್ತಿ ಹಿಡಿದರು, ಕುದುರೆ ಏರಿದರು, ಐವತ್ತು ನಾಯಕಿಯರ ಕೈ ಹಿಡಿದರು. ಒಂದನ್ನು ಮಾತ್ರ ಮಾಡಿರಲಿಲ್ಲ. ಯಾವ ಚಿತ್ರದಲ್ಲೂ ಸತ್ತಿರಲಿಲ್ಲ.

"ನನ್ನ ಕಣ್ಣೆದುರಿಗೆ ನೀನು ಸಾಯಕೂಡದು, ಸುಳ್ಳಿಗೂ ಸಾಯಕೂಡದು ಅಂತ ಅಮ್ಮ ಮಾತು ತಗೊಂಡಿದ್ರು," ಎಂದರು ಒಮ್ಮೆ. "ಈಗ ಅಮ್ಮನೇ ಇಲ್ಲ. ಈ ಪಿಕ್ಚರಲ್ಲಿ ಸಾಯ್ತೀನಿ ಕತ್ತರಿ. ನೋಡೋಕೆ ಬಾ."

ನನಗೆ ಹೆದರಿಕೆಯಾಯಿತು. ಸತ್ತ ತಾಯಿಗೆ ಕೊಟ್ಟ ಮಾತು ಮುಗಿಯುವುದು ಯಾವಾಗ ಎಂದು ಯಾರಿಗೆ ಗೊತ್ತು?

ನಮ್ಮ ಸ್ಟುಡಿಯೋದಲ್ಲಿ ಒಂದು ಪದ್ಧತಿಯಿತ್ತು. ಯಾರಾದರೂ ಸಾಯುವ ಶಾಟು ಮುಗಿಸಿದರೆ, ಕ್ಯಾಮರಾ ನಿಲ್ಲಿಸುವ ಮುಂಚೆ ಅವರು ಎದ್ದು ಕೂತು ನಗಬೇಕು. ಅದಕ್ಕೆ ಎದ್ದ ಶಾಟು ಎನ್ನುತ್ತಿದ್ದರು. ಮೂರು ಸೆಕೆಂಡು, ಅಂದರೆ ಫಿಲ್ಮಿನ ಎಪ್ಪತ್ತೆರಡು ಫ್ರೇಮು. ಅದರ ನೆಗೆಟಿವನ್ನು ಕೊನೆಯ ರೀಲಿನ ಬಾಲಕ್ಕೆ ಅಂಟಿಸಿ ಡಬ್ಬಿಯಲ್ಲಿಡಬೇಕು. ಯಾವ ಪ್ರೇಕ್ಷಕನೂ ನೋಡುವುದಿಲ್ಲ. ಆದರೆ ಇರಬೇಕು. "ಸತ್ತೋನು ಎದ್ದ ಅಂತ ಡಬ್ಬಿಗೂ ಗೊತ್ತಿರಬೇಕು," ಎನ್ನುವರು ಮಾವ. ಅಂಟಿಸುವ ಕೆಲಸ ನನ್ನದು.

ಆ ದಿನ ಸೆಟ್ಟಿನ ಮೂಲೆಯಲ್ಲಿ ನಿಂತಿದ್ದೆ. ಅವರು ಮೆಟ್ಟಿಲಿನ ಮೇಲೆ ಬಿದ್ದರು. ಕೈ ಸಡಿಲವಾಯಿತು. ಡೈರೆಕ್ಟರ್, "ಆಯ್ತು, ಏಳಿ ಸಾರ್, ನಗಿ," ಎಂದರು.

ಅವರು ಏಳಲಿಲ್ಲ.

ಯಾರೋ ನಕ್ಕರು. ಆಮೇಲೆ ಯಾರೂ ನಗಲಿಲ್ಲ. ದೀಪಗಳ ಝೇಂಕಾರ ಮಾತ್ರ. ನನಗೇ ತಿಳಿಯದೆ ಎಣಿಸತೊಡಗಿದೆ. ನಾಲ್ಕು, ಐದು, ಆರು. ಎದೆ ಏರಿಳಿಯುತ್ತಿರಲಿಲ್ಲ. ಏಳು, ಎಂಟು. ದೇವರೇ ಎಂದೆ.

ಒಂಬತ್ತಕ್ಕೆ ಕಣ್ಣು ಬಿಟ್ಟರು. ಅಷ್ಟು ಜನರ ನಡುವೆ ನೇರವಾಗಿ ನನ್ನನ್ನೇ ಹುಡುಕಿ ನೋಡಿ, ಎದ್ದು ಕೂತು ನಕ್ಕರು. ತುಟಿ ಅಲುಗಿತು. ಆ ಶಾಟಿಗೆ ಧ್ವನಿ ಹಿಡಿಯುವುದಿಲ್ಲ. ದೂರದಲ್ಲಿದ್ದ ನನಗೇನೂ ಕೇಳಿಸಲಿಲ್ಲ.

ಪ್ರಿಂಟು ಬಂದ ಮೇಲೆ ಬಾಗಿಲು ಹಾಕಿಕೊಂಡು ಯಂತ್ರದಲ್ಲಿ ಹಾಕಿದೆ. ಮುಂದಕ್ಕೆ, ಹಿಂದಕ್ಕೆ, ಮತ್ತೆ ಮುಂದಕ್ಕೆ. ತುಟಿ ಓದುವುದು ನಮ್ಮ ಕಸುಬಿನಲ್ಲಿ ಕಷ್ಟವಲ್ಲ.

ಕತ್ತರಿ, ನನ್ನ ಮದುವೆ ಆಗ್ತೀಯಾ?

ಲ್ಯಾಬಿನಿಂದ ಬಂದ ನೆಗೆಟಿವನ್ನೂ ಬೆಳಕಿಗೆ ಹಿಡಿದೆ. ನೆಗೆಟಿವಿನಲ್ಲಿ ಕರಿ ಕೂದಲು ಬೆಳ್ಳಗಾಗುತ್ತದೆ, ಮುಖ ಕಪ್ಪಿಡುತ್ತದೆ. ತಲೆ ನರೆತ ಮುದುಕನೊಬ್ಬ ಸಾವಿನಿಂದೆದ್ದು ನನ್ನನ್ನು ಕರೆಯುತ್ತಿದ್ದ. ಭಯವಾಯಿತು. ಅಂಟಿಸಿದರೆ ಡಬ್ಬಿ ತೆರೆದವರೆಲ್ಲ ಇದನ್ನು ನೋಡುತ್ತಾರೆ ಎಂಬ ನಾಚಿಕೆಯೂ ಇತ್ತು. ಆದರೆ ದೇವರ ಮುಂದೆ ಸುಳ್ಳಾಡಲಾರೆ, ಅದು ನನಗೆ ಬೇಕಿತ್ತು. ಅಷ್ಟೇ. ಸುರುಳಿ ಸುತ್ತಿ, ಅಂಗಿಯ ಗುಂಡಿಗಳನ್ನು ಹಾಕಿಡುವ ಪುಟ್ಟ ಡಬ್ಬಿಯಲ್ಲಿಟ್ಟು ಸೆರಗಿನಲ್ಲಿ ಬಚ್ಚಿಟ್ಟೆ.

ಮರುದಿನ ಅವರು ಬಂದರು. ಬಾಗಿಲಲ್ಲೇ ನಿಂತರು. ಸಾವಿರಾರು ಜನರೆದುರು ಮಾತಾಡಿದ ಮನುಷ್ಯ ಅಂಗಿಯ ತೋಳನ್ನು ತಿರುಚುತ್ತಿದ್ದರು.

"ನೋಡಿದ್ಯಾ?"

"ನೋಡಿದೆ."

"ಮತ್ತೆ?"

ಅಷ್ಟರಲ್ಲಿ ಒಳಗಿನಿಂದ ಮಾವ ಕೂಗಿದರು. "ಎದ್ದ ಶಾಟು ಅಂಟಿಸಿದ್ಯೇನಮ್ಮಾ?"

"ಹ್ಞೂಂ!" ಎಂದೆ, ಬಾಗಿಲಲ್ಲಿದ್ದವರ ಮುಖವನ್ನೇ ನೋಡುತ್ತ.

ಅವರ ಮುಖ ಅರಳಿತು. ಒಂದೇ ಉಸಿರಿನಲ್ಲಿ ಒಬ್ಬರಿಗೆ ನಿಜ, ಇನ್ನೊಬ್ಬರಿಗೆ ಸುಳ್ಳು ಹೇಳಿದ್ದೆ. ನನ್ನ ದಾಂಪತ್ಯದ ಬುನಾದಿ ಅದು.

ಚಿತ್ರ ಗೆದ್ದಿತು. ಜನ ಎದೆ ಬಡಿದುಕೊಂಡು ಅತ್ತರು. ಅದೇ ಮುಳುವಾಯಿತು. ಈ ಮನುಷ್ಯ ಸತ್ತರೆ ಹೀಗೆ ಅಳುತ್ತಾರೆ ಎಂದು ಗೊತ್ತಾದ ಮೇಲೆ ಅವರನ್ನು ಬದುಕಿಸಲು ಯಾವ ನಿರ್ಮಾಪಕನಿಗೂ ಮನಸ್ಸಿರಲಿಲ್ಲ. ಮೊದಲು ಕೊನೆಯ ರೀಲಿನಲ್ಲಿ ಸತ್ತರು. ಆಮೇಲೆ ಅಣ್ಣನಾಗಿ ಇಂಟರ್‌ವಲ್‌ಗೆ ಮುಂಚೆ ಸತ್ತರು. ಆಮೇಲೆ ತಂದೆಯಾಗಿ ಮೊದಲ ರೀಲಿನಲ್ಲಿ. ಕಡೆಗೆ ಬರೀ ಗೋಡೆಯ ಮೇಲಿನ ಫೋಟೋ ಆದರು.

"ಈ ಸಲ ಆರಾಮು, ಡೈಲಾಗೇ ಇಲ್ಲ," ಎಂದು ನಗುವರು.

ಆ ಮೊದಲನೆಯದರ ನಂತರ ಹದಿನೇಳು ಸಾವು. ಪ್ರತಿ ಸಲದ ಎದ್ದ ಶಾಟನ್ನೂ ನಾನೇ ಅಂಟಿಸಿದೆ, ಪ್ರಾರ್ಥನೆ ಮಾಡಿ, ಮೂರು ಸಲ ಎಳೆದು ನೋಡಿ. ಏನು ಪ್ರಯೋಜನ? ಮೊದಲನೆಯದು ನನ್ನ ಬೀರುವಿನಲ್ಲಿತ್ತು. ಡಬ್ಬಿಯ ಲೆಕ್ಕದಲ್ಲಿ ಹೀರೋ ಆ ಮೆಟ್ಟಿಲ ಮೇಲೆ ಬಿದ್ದವರು ಎದ್ದೇ ಇರಲಿಲ್ಲ. ಅವರು ಕೆಮ್ಮಿದರೆ ನನ್ನ ಜೀವ ಹಾರುತ್ತಿತ್ತು. ಬರುವುದು ಹತ್ತು ನಿಮಿಷ ತಡವಾದರೆ ಕಿಟಕಿಗೆ ಅಂಟಿಕೊಳ್ಳುತ್ತಿದ್ದೆ. ಅಂಟಿಸಿಬಿಡೋಣವೆಂದು ಒಮ್ಮೆ ಹೋದೆ. ಆ ವೇಳೆಗೆ ಸ್ಟುಡಿಯೋದ ಉಗ್ರಾಣಕ್ಕೆ ಬೆಂಕಿ ಬಿದ್ದು ಡಬ್ಬಿಗಳೆಲ್ಲ ಬೂದಿಯಾಗಿದ್ದವು.

ಮೂವತ್ತೆಂಟು ವರ್ಷ ಹೀಗೆ ಹೆದರುತ್ತ ಪ್ರೀತಿಸಿದೆ.

ಈ ವರ್ಷ ಅವರು ಹಾಸಿಗೆ ಹಿಡಿದರು. ದಿಂಬಿನ ಮೇಲೆ ತಲೆ ಬೆಳ್ಳಗೆ, ಮುಖ ಕಪ್ಪಿಟ್ಟು, ಥೇಟು ಆ ನೆಗೆಟಿವಿನ ಮುದುಕ. ಇನ್ನು ತಡೆಯಲಾರದೆ ಗುಂಡಿಯ ಡಬ್ಬಿ ತಂದು ಮುಂದಿಟ್ಟು ಎಲ್ಲವನ್ನೂ ಹೇಳಿದೆ. ನೀವು ಹಾಳಾಗಿದ್ದಕ್ಕೆ ನಾನೇ ಕಾರಣ ಎಂದು ಕಾಲು ಹಿಡಿದೆ.

ಅವರು ಡಬ್ಬಿಯ ಮುಚ್ಚಳದ ಮೇಲೆ ಬೆರಳಾಡಿಸಿದರು.

"ಅಯ್ಯೋ ಹುಚ್ಚಿ," ಎಂದರು. "ವಯಸ್ಸಾಯ್ತು, ಹೊಟ್ಟೆ ಬಂತು, ಅದಕ್ಕೆ ಹೀರೋ ಪಾರ್ಟು ಹೋಯ್ತು ಅಂದ್ಕೊಂಡಿದ್ದೆ. ಪಾಪ, ನನ್ನ ಹೊಟ್ಟೇನ ಸುಮ್ನೆ ಬೈದೆ."

"ತಮಾಷೆ ಬೇಡ ಅಂದ್ರೆ."

"ತಮಾಷೆ ಅಲ್ವೇ. ಅದನ್ನ ಅಂಟಿಸಿದ್ದಿದ್ರೆ ಇನ್ನೂ ಇಪ್ಪತ್ತು ವರ್ಷ ಹೀರೋ ಆಗಿರ್ತಿದ್ದೆ ಅಂತಾನೇ ಇಟ್ಕೋ. ಮನೆಗೆ ಯಾವಾಗ ಬರ್ತಿದ್ದೆ? ನಿನ್ನ ಆ ದರಿದ್ರ ಕಾಫಿ ಯಾರು ಕುಡೀತಿದ್ರು?" ಉಸಿರು ಸಾಲದೆ ನಿಲ್ಲಿಸಿದರು. ಆಮೇಲೆ ನನ್ನ ಬೆರಳು ಹಿಡಿದು, "ನಾನು ಹೋದಾಗ ತಕ್ಷಣ ಅಳಬೇಡ. ಒಂಬತ್ತು ಎಣಿಸು," ಎಂದರು.

ಮೂರು ದಿನದ ಮೇಲೆ, ಬೆಳಗಿನ ಬಿಸಿಲು ಹಾಸಿಗೆಯ ತುದಿಗೆ ಬಂದಾಗ, ಕೈ ಸಡಿಲವಾಯಿತು. ನರ್ಸು ಮುಖದ ಮೇಲೆ ಬಟ್ಟೆ ಎಳೆಯಲು ಬಂದಳು.

"ಸ್ವಲ್ಪ ತಾಳಮ್ಮಾ," ಎಂದೆ.

ಎಣಿಸಿದೆ. ಏಳು. ಎಂಟು. ಒಂಬತ್ತು. ಕಣ್ಣು ಬಿಡಲಿಲ್ಲ. ಹತ್ತು ಎಂದೆ, ಹನ್ನೊಂದು ಎಂದೆ. ಎಪ್ಪತ್ತೆರಡರವರೆಗೂ ಎಣಿಸಿದೆ. ನರ್ಸು ನನ್ನ ಹೆಗಲು ಹಿಡಿದಳು.

ಆಮೇಲೆ ಡಬ್ಬಿ ತೆರೆದೆ. ಮುದುಡಿ ಸುಕ್ಕಾಗಿದ್ದ ಸುರುಳಿಯಿಂದ ಹುಳಿ ವಾಸನೆ ಬರುತ್ತಿತ್ತು. ಒಂದೆರಡು ಫ್ರೇಮುಗಳಲ್ಲಿ ಮಾತ್ರ ಮುಖ ಉಳಿದಿತ್ತು, ತುಟಿ ಅರ್ಧ ತೆರೆದು. ಅದನ್ನು ಅವರ ಅಂಗಿಯ ಎದೆಜೇಬಿನಲ್ಲಿಟ್ಟು, ಜೇಬಿನ ಬಾಯಿ ಹೊಲಿದೆ. ದಾರ ಕಡಿದು, ಮೂರು ಸಲ ಎಳೆದು ನೋಡಿದೆ.

"ಅಂಟಿಸಿದೆ ಮಾವ," ಎಂದೆ, ಎಂದೋ ತೀರಿಹೋದ ಮಾವನಿಗೆ. ಈ ಸಲ ಸುಳ್ಳಲ್ಲ.

ಎದ್ದಾಗ ಅವರು ಮೊದಲು ನನ್ನನ್ನು ಹುಡುಕುತ್ತಾರೆ. ಅಲ್ಲಿಗೆ ನನ್ನನ್ನೂ ಬೇಗ ಕರೆಸು ದೇವರೇ.