ಮುದ್ರೆಯಿಲ್ಲದ ಜಾಗ

ಡ್ರೋನು ಹೊರಹೋಗದಂತೆ ಸುತ್ತ ಬಲೆ ಕಟ್ಟಿದ ಪರೀಕ್ಷೆಯ ಹಜಾರದಲ್ಲಿ ಹಳೆಯ ಡ್ರೋನು ತಾನಾಗಿಯೇ ಮೇಲೆದ್ದಿತು. ರಿಮೋಟ್ ಯಾರ ಕೈಯಲ್ಲೂ ಇರಲಿಲ್ಲ. ಖಾಲಿ ನೆಲದ ಮೇಲೆ, ಅಲ್ಲಿಲ್ಲದ ಬೆಳೆಯ ಸಾಲು ಹಿಡಿದು, ಅದು ಅತ್ತಿಂದಿತ್ತ ಹಾರತೊಡಗಿತು.

“ಯವ್ವಾ! ನಮ್ಮನಿಯವ್ರು ಹಿಂಗ ಹಾರಸ್ತಿದ್ರು,” ಎಂದಳು ಅಕ್ಷತಾ. “ತಿರುಗುವಾಗ ಹಿಂಗ ಮೂತಿ ಕುಣಸ್ತಿದ್ರು.”

ಅವಳ ಗಂಡ ಮೈಲಾರಿ ತೀರಿಕೊಂಡು ವರ್ಷವಾಗಿತ್ತು.

“ದೆವ್ವ ಅಲ್ಲ ತಂಗಿ, ಸವಕಳಿ,” ಎಂದ ಫಕೀರೇಶ ಗಡುಸಾಗಿ.

ಗದಗಿನ ಪರೀಕ್ಷಾ ಕೇಂದ್ರದ ವಿಜ್ಞಾನಿ ಅವನು. ‘ನಡೆಗನ್ನಡಿ’ ಅವನೇ ಕಟ್ಟಿದ ಯಂತ್ರ. ಮೋಟರಿನ ಬೇರಿಂಗು ಯಾವ ಕಡೆ ಸವೆದಿದೆ, ರೆಕ್ಕೆ ಎಲ್ಲಿ ತೇದಿದೆ ಎಂದು ಓದಿ, ಡ್ರೋನಿನೊಳಗಿನ ಹಳೆಯ ನೆನಪನ್ನು ಅದಕ್ಕೆ ಜೋಡಿಸಿ, ಅದರ ಜನ್ಮದ ರೂಢಿಯನ್ನೆಲ್ಲ ಕಣ್ಣೆದುರು ಹಾರಿಸಿ ತೋರಿಸುತ್ತಿತ್ತು. ಹೊಸ ಡ್ರೋನುಗಳಿಗೆ ತೂಕ, ವೇಗ, ಅಪಾಯ ಅಳೆದು ಕಾರ್ಖಾನೆಯಲ್ಲೇ ವರ್ಗದ ಮುದ್ರೆ ಒತ್ತುತ್ತಾರೆ. ಮೊದಲಿನವಕ್ಕೆ ಅದಿಲ್ಲ; ಇಲ್ಲಿ ಪರೀಕ್ಷೆ ಆದಮೇಲಷ್ಟೇ ಮುದ್ರೆ. ಮುದ್ರೆಯಿಲ್ಲದ್ದು ಜನರಿರುವ ಕಡೆ ಹಾರುವಂತಿಲ್ಲ. ಊರವರ ಹೊಲಗಳಿಗೆ ಎಣ್ಣೆ ಹೊಡೆದು, ಅಂದರೆ ಕೀಟನಾಶಕ ಸಿಂಪಡಿಸಿ ಬದುಕುತ್ತಿದ್ದ ಅಕ್ಷತಾಳಿಗೆ ಮುದ್ರೆ ಸಿಗದಿದ್ದರೆ ಒಲೆ ಹೊತ್ತುವುದಿಲ್ಲ.

ಡ್ರೋನು ತಟ್ಟನೆ ಸಾಲು ಬಿಟ್ಟು ದೊಡ್ಡದೊಂದು ಚೌಕವನ್ನು ಬಳಸಿ ಹೋಯಿತು.

“ಅದು ನಮ್ಮ ಮಾವನ ಗದ್ದಿಗಿರಿ. ಹೊಲದಾಗ ಮಣ್ಣ ಮಾಡೀವಿ. ಹಿರೇರ ಮ್ಯಾಲೆ ಎಣ್ಣಿ ಹೊಡೀತಾರೇನ್ರಿ?”

ಫಕೀರೇಶ ಹೂಂಗುಟ್ಟಿದ. ಸ್ವಲ್ಪ ಹೊತ್ತಿಗೆ ಡ್ರೋನು ಮತ್ತೆ ತಡೆದು ನಿಂತಿತು. ಈ ಸಲ ಸಿಂಪಡಿಸುವ ನಳಿಕೆ ಟಕ್ಕೆಂದು ಮುಚ್ಚಿಕೊಂಡಿತು. ಡ್ರೋನು ಮೇಲೇರಿ, ಮಲಗಿದವರನ್ನು ದಾಟುವ ಹಾಗೆ ಮೆಲ್ಲಗೆ ದಾಟಿ, ಆಚೆ ಇಳಿಯಿತು. ಮುಂದಿನ ಸಾಲಿನಲ್ಲೂ ಅಲ್ಲೇ, ಹಾಗೆಯೇ.

“ಅಲ್ಲೇನೈತಿ? ಬಾವೀನಾ? ಬಂಡೆಗಲ್ಲಾ?”

“ಏನಿಲ್ರಿ. ಬರೇ ಎರಿ ಮಣ್ಣು. ಅವ್ರು ಹೋದಮ್ಯಾಲೆ ಆ ಹೊಲಾ ಬೀಳ ಬಿದ್ದೈತ್ರಿ, ನಾ ಅಲ್ಲಿ ಹಾರಿಸೇ ಇಲ್ಲ.”

“ಹಂಗಾರ ದೋಷ!” ಫಕೀರೇಶ ರೇಗಿದ. “ಹೇಳಿದ ದಾರಿ ಬಿಟ್ಟು ಸರಿದ್ರ ದೋಷ. ಅದೂ ಎಷ್ಟು ಜಾಗಕ್ಕ? ತೊಟ್ಟಿಲಾ ಇಟ್ಟಷ್ಟು ಜಾಗಕ್ಕ!”

ಅಕ್ಷತಾ ನಿಂತಲ್ಲೇ ನೆಲಕ್ಕೆ ಕುಳಿತಳು. ಡ್ರೋನು ಅವಳ ತಲೆಯ ಮೇಲೆ ಮತ್ತೊಮ್ಮೆ ನಳಿಕೆ ಮುಚ್ಚಿತು.

“ನಮ್ಮ ಮೊದಲ್ನೇ ಕೂಸ್ರಿ. ಹೆಣ್ಣ. ಹುಟ್ಟಿದಾಗ ಅಳಲಿಲ್ರಿ ಅದು.” ಅವಳು ಡ್ರೋನನ್ನೇ ನೋಡುತ್ತ ಅಂದಳು. “ನಮ್ಮಾಗ ಹೆತ್ತಾಕಿಗೆ ಜಾಗಾ ತೋರ್ಸಂಗಿಲ್ಲ. ಗಂಡಸ್ರು ಒಯ್ದು ಇಟ್ಟು ಬರ್ತಾರ. ಮ್ಯಾಲೆ ಕಲ್ಲೂ ಇಡಂಗಿಲ್ಲ. ಎಲ್ಲಿ ಅಂತ ಕೇಳಿದ್ರ, ಮಣ್ಣಾತು, ಮರತ ಬಿಡು ಅಂದ್ರು ನಮ್ಮನಿಯವ್ರು. ಅವ್ರ ಮರತಿದ್ದಿಲ್ಲ ನೋಡ್ರಿ.”

ದೋಷವೆಂದು ಬರೆಯಲು ಎತ್ತಿದ್ದ ಪೆನ್ನನ್ನು ಫಕೀರೇಶ ಕೆಳಗಿಟ್ಟ.

“ಜಾಗಾ ಎಲ್ಲೈತಿ ಹೇಳ್ರಿ ಸರ್.”

“ನನ್ನ ಯಂತ್ರಕ್ಕ ತಿರುವಷ್ಟ ಗೊತ್ತು. ಹೊಲದಾಗ ಎಲ್ಲಿ ಅನ್ನೂದು ಈ ಡ್ರೋನಿಗೇ ಗೊತ್ತು. ಅಲ್ಲಿ ಬಿಟ್ರ ತಾನ ತೋರಸ್ತೈತಿ.”

“ಮುದ್ರಿ ಒತ್ತಿದಮ್ಯಾಲೆ?”

“ಮೋಟರ್ ಬದಲಿ ಮಾಡಿ, ನೆನಪು ಅಳಿಸಿ ಮುದ್ರಿ ಒತ್ತೂದು. ಆಮೇಲೆ ಏನ ಉಳೀತೈತಿ ಅದರಾಗ!”

“ಹಂಗಾರ ಮುದ್ರಿ ಬ್ಯಾಡ.”

“ಬ್ಯಾಡಂದ್ರ ಪುಡಿ ಮಾಡಬೇಕು. ಹೊರಗ ಬಿಡಂಗಿಲ್ಲ.”

“ಎಂಥಾ ಕಲ್ಲೆದಿಯಾಂವ ಮಾಡ್ಯಾನ್ರಿ ಈ ಕಾಯ್ದೆ?”

“ನಾನ ಬರದೀನಿ!” ಎಂದು ಕೂಗಿದ ಫಕೀರೇಶ, ನಡೆಗನ್ನಡಿಯ ವೈರನ್ನು ಗೋಡೆಯಿಂದ ಕಿತ್ತೆಸೆದ. ಡ್ರೋನು ಮೆತ್ತಗೆ ನೆಲಕ್ಕಿಳಿಯಿತು. “ಕರೆಂಟ್ ಹೋತು. ಪರೀಕ್ಷೆ ಮುಗೀಲಿಲ್ಲ. ಒಯ್ಯಿ, ಕರೆಂಟ್ ಬಂದಮ್ಯಾಲೆ ತೊಗೊಂಬಾ.”

ಅವಳು ಉರಿಯುತ್ತಿದ್ದ ದೀಪಗಳನ್ನು ನೋಡಿದಳು. “ಕರೆಂಟ್ ಐತಲ್ರಿ.”

“ಹೋಗೈತಿ ಅಂದೆ! ಜನಾ ಇಲ್ಲದ ಕಡೆ ಅಷ್ಟ ಹಾರಿಸು, ತಿಳೀತಿಲ್ಲೋ?”

ಅವಳು ಡ್ರೋನನ್ನು ಎದೆಗವಚಿಕೊಂಡು ಬಾಗಿಲಲ್ಲಿ ತಿರುಗಿದಳು. “ನಮ್ಮ ಹೊಲದಾಗ ಜನಾ ಇಲ್ಲಂತ ಯಾರ ಹೇಳಿದ್ರಿ ನಿಮಗ?”

ಅವಳು ತಿರುಗಿ ಬರಲಿಲ್ಲ. ಬೆನ್ನಿಗೆ ಪಂಪು ಕಟ್ಟಿಕೊಂಡು ಮಂದಿಯ ಹೊಲಕ್ಕೆ ಎಣ್ಣೆ ಹೊಡೆಯುತ್ತಾಳೆಂದು ಆಮೇಲೆ ಯಾರೋ ಹೇಳಿದರು.

ಫಕೀರೇಶ ಹಳೆಯ ಪರೀಕ್ಷೆಗಳ ವಿಡಿಯೋಗಳನ್ನು ತೆಗೆದು ನೋಡತೊಡಗಿದ. ದೋಷವೆಂದು ಬರೆದು ಅವನೇ ನೆನಪು ಅಳಿಸಿದ ಡ್ರೋನುಗಳು ಪರದೆಯ ಮೇಲೆ ಒಂದೊಂದಾಗಿ ಎದ್ದವು. ಒಂದು ಡ್ರೋನು, ಹಳ್ಳದ ದಂಡೆಗೆ ಬಂದಂತೆ ಒಂದೆಡೆ ಸುಮ್ಮನೆ ನಿಂತು ಯಾರನ್ನೋ ಕಾಯುತ್ತಿತ್ತು. ಇನ್ನೊಂದು ಏನೂ ಇಲ್ಲದ ಮೂಲೆಗೆ ಪ್ರತಿ ಸಲ ಬೆನ್ನು ತಿರುಗಿಸುತ್ತಿತ್ತು. ಯಾಕೆಂದು ಹೇಳುವವರು ಈಗ ಯಾರೂ ಇರಲಿಲ್ಲ.

ನಡೆಗನ್ನಡಿಯಂಥ ಯಂತ್ರ ಬರಲು ಇನ್ನೂ ಎಷ್ಟೋ ವರ್ಷ ಬೇಕು. ಆದರೆ ಹೊಲದ ನಡುವೆ ಖಾಲಿ ನೆಲವನ್ನು ಬಳಸಿ ನಡೆಯುವವರು ಇವತ್ತೂ ನಮ್ಮ ಮನೆಗಳಲ್ಲಿದ್ದಾರೆ. ಯಾಕೆಂದು ಅವರನ್ನು ಕೇಳಲು ಯಂತ್ರ ಬರುವ ತನಕ ಕಾಯಬೇಕಿಲ್ಲ.