ನಾಲ್ಕಿಂಚಿನ ಪುಲ್ಲಿ

ಹನ್ನೊಂದು ವರ್ಷ ಅಕ್ಕನ ಗಂಡನ ಹಿಟ್ಟಿನ ಗಿರಣಿಯ ಧೂಳು ಕುಡಿದವನು ಫಿಟ್ಟರ್. ಉಸ್ತುವಾರಿ ಸಿಕ್ಕಿದ್ದು ಮಾತ್ರ ಭಾವನ ತಮ್ಮನಿಗೆ.

ಮಂಡಿನೋವು ಜಾಸ್ತಿಯಾಗಿ ಭಾವ ಮನೆಯಲ್ಲೇ ಕೂರುತ್ತೇನೆಂದಾಗ, ಗಲ್ಲಾದ ಹಿಂದಿನ ಮೆತ್ತನೆ ಕುರ್ಚಿಯನ್ನು ಫಿಟ್ಟರ್ ಮನಸ್ಸಿನಲ್ಲೇ ಒರೆಸಿಟ್ಟುಕೊಂಡಿದ್ದ. ಭಾವ ಅದರಲ್ಲಿ ತಮ್ಮನನ್ನು ತಂದು ಕೂರಿಸಿದರು. ಆ ತಮ್ಮ ಜವಳಿ ಅಂಗಡಿಯಲ್ಲಿ ಬಟ್ಟೆ ಬಿಡಿಸಿ ಮಡಚುತ್ತಿದ್ದವನು. ಸದಾ ಹಲ್ಲು ಕಿರಿಯುತ್ತಿದ್ದುದರಿಂದ ಅವನಿಗೆ ನಗುಮುಖ ಎಂದೇ ಹೆಸರು.

"ಯಂತ್ರದ ಹತ್ತಿರ ನೀನು ಬಂಗಾರ ಕಣಯ್ಯಾ," ಎಂದರು ಭಾವ. "ಗಿರಾಕಿಗಳ ಹತ್ತಿರ ಮಾತ್ರ ಸ್ಪ್ಯಾನರ್ ಹಿಡ್ಕೊಂಡೇ ಮಾತಾಡ್ತೀಯ. ಒಂದು ತಿಂಗಳು ನೋಡೋಣ. ಅವನ ಕೈಲಿ ಆಗದಿದ್ರೆ ಕುರ್ಚಿ ನಿಂದೇ."

"ಹಾಗಾದ್ರೆ ನಿಮ್ಮ ಬಂಗಾರಾನ ನೀವೇ ಪೆಟ್ಟಿಗೇಲಿ ಇಟ್ಕೊಳ್ಳಿ ಭಾವ," ಎಂದು ಫಿಟ್ಟರ್ ಬೀಗದ ಕೈಯನ್ನು ಮೇಜಿನ ಮೇಲೆ ಬಿಸಾಕಿದ. ಇನ್ನು ಈ ಗಿರಣಿಯ ಹೊಸಿಲು ತುಳಿದರೆ ಕೇಳಿ ಎಂದು ಹೇಳಿ ಹೊರಟುಬಂದ.

ಬೀದಿಯ ತಿರುವು ದಾಟುವಷ್ಟರಲ್ಲಿ ಅವನ ಸಿಟ್ಟು ಇಳಿದು ಯೋಚನೆ ಶುರುವಾಗಿತ್ತು. ಕದಿಯುವುದು, ಮುರಿಯುವುದು ದಡ್ಡರ ಕೆಲಸ. ಯಂತ್ರ ಕೆಟ್ಟರೆ ಮೊದಲ ಅನುಮಾನ ಅವನ ಮೇಲೇ. ಆದ್ದರಿಂದ ಯಂತ್ರ ಕೆಡಬಾರದು. ಚೆನ್ನಾಗಿ ಓಡುತ್ತಲೇ ನಗುಮುಖನನ್ನು ಸೋಲಿಸಬೇಕು.

ಮೋಟಾರಿನ ಪುಲ್ಲಿ, ಅಂದರೆ ಬೆಲ್ಟು ಕೂರುವ ಗಾಲಿ, ಆರಿಂಚು; ಬೀಸುವ ಕಲ್ಲಿನದು ಹನ್ನೆರಡು, ಎರಡನ್ನೂ ಸುತ್ತಿದ ಒಂದು ಬೆಲ್ಟು. ಅಪ್ಪನ ಕೈ ಹಿಡಿದು ಮಗು ನಡೆದ ಹಾಗೆ: ಅಪ್ಪನ ಒಂದು ಹೆಜ್ಜೆಗೆ ಮಗು ಎರಡು ಹೆಜ್ಜೆ ಇಡಬೇಕು. ಮೋಟಾರು ಎರಡು ಸುತ್ತು ತಿರುಗಿದರೆ ಕಲ್ಲು ಒಂದು ಸುತ್ತು. ಮೋಟಾರಿಗೆ ನಾಲ್ಕಿಂಚಿನ ಪುಲ್ಲಿ ಹಾಕಿದರೆ ಮಗು ಇನ್ನೂ ಚಿಕ್ಕದಾಯಿತು. ಆಗ ಅದರ ಮೂರು ಸುತ್ತಿಗೆ ಕಲ್ಲಿನದು ಒಂದೇ ಸುತ್ತು. ಮೋಟಾರಿನ ಗುಂಯ್ ಎನ್ನುವ ಸದ್ದು ಅದೇ, ಬೆಲ್ಟು ಅದೇ. ಕಲ್ಲು ಮಾತ್ರ ಮದುವೆಯೂಟ ಮುಗಿಸಿದ ಮಾವನಂತೆ ತಿರುಗುತ್ತದೆ. ಸಾಲು ಬೆಳೆಯುತ್ತದೆ, ಜನ ರೇಗುತ್ತಾರೆ, ಆ ಹಲ್ಲುಗಳು ಒಳಗೆ ಹೋಗುತ್ತವೆ. ಏನು ಮುರಿದಿದೆ ಎಂದು ಹುಡುಕಿದವರಿಗೆ ಏನೂ ಸಿಗುವುದಿಲ್ಲ, ಏಕೆಂದರೆ ಏನೂ ಮುರಿದೇ ಇಲ್ಲ.

ಭಾನುವಾರ ಅಕ್ಕನ ಮನೆಯಲ್ಲಿ ಊಟವಾಯಿತು. ಭಾವ ಗೊರಕೆಗೆ ಇಳಿದರು, ಅಕ್ಕ ಪಾತ್ರೆಗಳ ಸದ್ದಿನಲ್ಲಿ ಮುಳುಗಿದಳು. ಗೋಡೆಯ ಮೊಳೆಯಲ್ಲಿದ್ದ ಗಿರಣಿಯ ಬೀಗದ ಕೈ ತೆಗೆದುಕೊಂಡು ಫಿಟ್ಟರ್ ಸಿಗರೇಟಿಗೆಂದು ಹೊರಬಿದ್ದ. ರಜೆಯಿದ್ದ ಗಿರಣಿಗೆ ಹೋಗಿ, ಹಳೇ ಸಾಮಾನಿನಲ್ಲಿ ಸಿಕ್ಕಿದ್ದ ನಾಲ್ಕಿಂಚಿನ ಪುಲ್ಲಿಯನ್ನು ಮೋಟಾರಿಗೆ ತೂರಿಸಿದ, ಸಡಿಲವಾದ ಬೆಲ್ಟು ಬಿಗಿಯಾಗುವಷ್ಟು ಮೋಟಾರನ್ನು ಹಿಂದಕ್ಕೆ ಸರಿಸಿದ, ತಗಡಿನ ಮುಚ್ಚಳವನ್ನು ಇದ್ದ ಹಾಗೆಯೇ ಮುಚ್ಚಿದ. ಭಾವ ಮಗ್ಗುಲು ಬದಲಿಸುವ ಮೊದಲೇ ಬೀಗದ ಕೈ ಮೊಳೆಯ ಮೇಲಿತ್ತು.

ಮರುದಿನದಿಂದ ಅವನು ಎದುರಿನ ಸೈಕಲ್ ಅಂಗಡಿಯ ಮುಂದೆ ಆಸನ ಹಾಕಿದ. ಎಲ್ಲವೂ ಲೆಕ್ಕದಂತೆಯೇ ನಡೆಯಿತು. ಸಾಲು ಬಾಗಿಲು ದಾಟಿತು, ಜನ ಬೈದರು. ಫಿಟ್ಟರ್‌ಗೆ ಹಸಿವೂ ಚೆನ್ನಾಗಿ ಆಗತೊಡಗಿತು. ವಾರ ಕಳೆಯುವಷ್ಟರಲ್ಲಿ ಸಾಲು ಸೈಕಲ್ ಅಂಗಡಿಯವರೆಗೂ ಬಂತು. ಆದರೆ ವಿಚಿತ್ರವೆಂದರೆ ಬೈಯುವವರು ಕಡಿಮೆಯಾಗಿದ್ದರು.

"ಇಷ್ಟು ಹೊತ್ತು ಕಾಯೋ ಬದಲು ಬೇರೆ ಗಿರಣಿಗೆ ಹೋಗಬಾರದೇನಮ್ಮ?" ಎಂದು ಅವನು ದರ್ಜಿಯ ಹೆಂಡತಿಯನ್ನು ಕಾಳಜಿಯಿಂದ ಕೇಳಿದ.

"ಅದನ್ನ ಬಿಟ್ಟೇ ಇಲ್ಲಿಗೆ ಬಂದೆ ಕಣಣ್ಣಾ. ಮೊದಲು ಇಲ್ಲಿ ಹಿಟ್ಟು ಕೈ ಸುಡೋದು, ಸೀದ ವಾಸನೆ ಬೇರೆ. ಈಗ ನೋಡು, ತಣ್ಣಗೆ, ಪೌಡರ್ ಇದ್ದ ಹಾಗಿದೆ. ಮೊದಲಿದ್ದೋನಿಗೆ ಎಲ್ಲಾದಕ್ಕೂ ಅವಸರ."

ಮುಖಕ್ಕೆ ಹಿಟ್ಟು ಮೆತ್ತಿರದ ಮೊದಲಿದ್ದವನ ಗುರುತು ಅವಳಿಗೆ ಸಿಕ್ಕಿರಲಿಲ್ಲ. ಬೇಗ ಬೀಸಲಿ ಎಂದು ಆರಿಂಚಿನದನ್ನು ಹಾಕಿದ್ದವನು ಅವನೇ. ಹುಟ್ಟಿದ ಮೇಲೆ ಒಮ್ಮೆಯೂ ಹಿಟ್ಟು ನಾದದವನಿಗೆ, ಕಲ್ಲು ಓಡಿದಷ್ಟೂ ಹಿಟ್ಟು ಸೀಯುತ್ತದೆಂದು ಹೇಳಲು ಯಾರಿದ್ದರು? ಹೆಂಡತಿ ಹೇಳಿದ್ದಳೇನೋ. ಅವಳು ಹೇಳುವುದು ಬಹಳವಿತ್ತು.

ಹೋಗಲಿ, ಕುರ್ಚಿ ತಪ್ಪಿದರೂ ಮಾನ ಉಳಿಯಿತು ಎಂದುಕೊಂಡ. ಅಷ್ಟರಲ್ಲಿ ಭಾವ ಕುಂಟುತ್ತಾ, ಅಕ್ಕನ ಭುಜ ಹಿಡಿದು ಗಿರಣಿಗೆ ಬಂದರು. ಹೊಸಿಲಿನ ಈಚೆ ನಿಂತಿದ್ದ ಭಾವಮೈದುನನನ್ನು ನೋಡಿ ತಲೆಯಾಡಿಸಿ, ತಮ್ಮನ ಬೆನ್ನು ತಟ್ಟಿದರು.

"ಭೇಷ್! ಏನು ಮಾಡಿದ್ಯೋ ಇದಕ್ಕೆ? ಕಲ್ಲು ಇಷ್ಟು ಹದವಾಗಿ ತಿರುಗ್ತಿದೆ?"

ನಗುಮುಖನಿಗೆ ಏನೂ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನುವ ಅಭ್ಯಾಸ ಜವಳಿ ಅಂಗಡಿಯಲ್ಲಿ ಇರಲೂ ಇಲ್ಲ. "ಏನಿಲ್ಲ ಅಣ್ಣಾ, ಮೋಟಾರಿಗೆ ಒಂದು ದೊಡ್ಡ ಪುಲ್ಲಿ ಹಾಕಿಬಿಟ್ಟೆ. ದೊಡ್ಡದು ನೋಡಿ, ಆನೆ ಥರ ನಿಧಾನಕ್ಕೆ ತಿರುಗುತ್ತೆ."

ತನ್ನ ಕೆಲಸದ ಹೆಸರು ಇನ್ನೊಬ್ಬನಿಗೆ ಹೋಗುವುದನ್ನು ಫಿಟ್ಟರ್ ಸಹಿಸಿಕೊಂಡಾನು. ಆದರೆ ಆನೆಯನ್ನು ಸಹಿಸಲಾಗಲಿಲ್ಲ.

"ಅಯ್ಯೋ ದಡ್ಡಶಿಖಾಮಣಿ!" ಎಂದು ಬೀದಿಯಿಂದಲೇ ಕೂಗಿದ. "ಮೋಟಾರಿಗೆ ದೊಡ್ಡದು ಹಾಕಿದ್ರೆ ಕಲ್ಲು ಇನ್ನೂ ಜೋರಾಗಿ ಓಡುತ್ತೆ ಕಣೋ! ಅಲ್ಲಿರೋದು ನಾಲ್ಕಿಂಚು! ಆರು ತೆಗೆದು ನಾಲ್ಕು ಹಾಕಿರೋದಕ್ಕೇ ಅದು ಈ ಹದಕ್ಕೆ ಬಂದಿರೋದು!"

ನಗುಮುಖನ ಹಲ್ಲುಗಳು ಮೊದಲ ಸಲ ಒಳಗೆ ಹೋದವು. ಆ ಒಂದು ಕ್ಷಣ ಫಿಟ್ಟರ್‌ಗೆ ಸ್ವರ್ಗಕ್ಕೆ ಮೂರೇ ಗೇಣು.

ಅಕ್ಕ ಮೋಟಾರಿನ ಬಳಿ ಹೋಗಿ ತಗಡಿನ ಮುಚ್ಚಳವನ್ನು ಬೆರಳಿನಿಂದ ಕುಟ್ಟಿದಳು. ಬೆಲ್ಟನ್ನೂ ಪುಲ್ಲಿಯನ್ನೂ ಪೂರ್ತಿ ಮರೆಮಾಡಿದ್ದ ಆ ಮುಚ್ಚಳಕ್ಕೆ ನೊಣ ತೂರುವಷ್ಟೂ ಸಂದಿರಲಿಲ್ಲ. "ಲೋ, ಇದನ್ನ ಬಿಚ್ಚೋದು ಹೇಗೆ ಅಂತ ನನ್ನ ಮೈದುನನಿಗೆ ಈಗಲೂ ಗೊತ್ತಿಲ್ಲ. ನೀನೋ, ಹೊಸಿಲು ತುಳಿಯಲ್ಲ ಅಂತ ಆಣೆ ಮಾಡಿ ಹೋದೋನು. ಒಳಗಿರೋದು ನಾಲ್ಕಿಂಚು ಅಂತ ನಿನಗೆ ಬೀದೀಲಿ ನಿಂತೇ ಹೇಗಪ್ಪಾ ಕಾಣಿಸ್ತು?" ಎಂದು ಕೇಳಿ, ಉತ್ತರ ಬರುವವರೆಗೆ ಕಾಲು ನೋಯಬಾರದೆಂದು ಗಲ್ಲಾದ ಹಿಂದಿನ ಮೆತ್ತನೆ ಕುರ್ಚಿಯಲ್ಲಿ ತಾನೇ ಕುಳಿತುಕೊಂಡಳು.